ಮರದ ಕ್ಯಾಮೆರಾದ ಮುಂದೆ ಒಂದು ಗಳಿಗೆ

ನಮ್ಮ ವೇಲಚೇರಿಯ ದಂಡೀಶ್ವರರ ಗುಡಿಗೆ ಹೋದರೆ ಎಲ್ಲರ ಕೈಯಲ್ಲೂ ಮೊಬೈಲು. ನಿಮಿಷಕ್ಕೆ ಹತ್ತು ಚಿತ್ರ ತೆಗೆದು ಮುಂದೆ ನಡೆಯುತ್ತೇವೆ. ಆದರೆ ಯಾವುದಾದರೂ ಹಳೆಯ ಸ್ಟುಡಿಯೋದ ಮೂಲೆಯಲ್ಲಿ, ಮೂರು ಕಾಲುಗಳ ಮೇಲೆ ನಿಂತ ಹಿತ್ತಾಳೆ ಪಟ್ಟಿಯ ಮರದ ಕ್ಯಾಮೆರಾ ಕಂಡರೆ ಮಕ್ಕಳು ಮುದುಕರೆನ್ನದೆ ನಿಂತು ನೋಡುತ್ತಾರೆ. ಈ ಸೆಳೆತಕ್ಕೆ ಕಾರಣವೇನಿರಬಹುದು?

ಮದರಾಸಿನ ಕನ್ನಡಿಗರಾದ ನಮಗೆ ಈ ಕಥೆ ಹಳೇಬೀಡಿನಿಂದ ಆರಂಭವಾಗುತ್ತದೆ. ಛಾಯಾಗ್ರಹಣವು 1839ರಲ್ಲಿ ಲೋಕಕ್ಕೆ ಪ್ರಕಟವಾಗಿ ಹದಿನೈದೇ ವರ್ಷಗಳಾಗಿದ್ದವು. 1854ರ ಡಿಸೆಂಬರಿನಲ್ಲಿ ಮದರಾಸು ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ ಹಳೇಬೀಡು, ಬೇಲೂರುಗಳ ಗುಡಿಗಳನ್ನು ಮರದ ಕ್ಯಾಮೆರಾದಲ್ಲಿ ಸೆರೆಹಿಡಿದ. 1855ರ ಮದರಾಸು ವಸ್ತುಪ್ರದರ್ಶನದಲ್ಲಿ ಆ ಚಿತ್ರಗಳಿಗೆ ಪದಕ ದೊರೆಯಿತು. ಹೊಯ್ಸಳರ ಶಿಲ್ಪವನ್ನು ಈ ಊರಿನ ಜನ ಊರು ಬಿಡದೆ ಕಂಡದ್ದು ಹೀಗೆ.

ಮುಂದೆ ಮದರಾಸು ಸರ್ಕಾರ ಆತನನ್ನೇ ತನ್ನ ಛಾಯಾಗ್ರಾಹಕನನ್ನಾಗಿ ನೇಮಿಸಿತು. 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಶಾಸನವನ್ನು ಆತ ತುಂಡುತುಂಡಾಗಿ ತೆಗೆದು 21 ಚಿತ್ರಗಳನ್ನು ಜೋಡಿಸಿದ; ಉದ್ದ ಸುಮಾರು 19 ಅಡಿ! ಮರುವರ್ಷ ಗವರ್ನರ್ ಟ್ರೆವೆಲಿಯನ್ ಇದು ದುಬಾರಿ ವಿಲಾಸವೆಂದು ಕೆಲಸವನ್ನೇ ನಿಲ್ಲಿಸಿದ. ಉಳಿಸಿದ ಹಣ ಎಲ್ಲಿ ಹೋಯಿತೋ, ಚಿತ್ರಗಳು ಮಾತ್ರ ಇಂದಿಗೂ ಉಳಿದಿವೆ.

ಮರದ ಕ್ಯಾಮೆರಾದ ಕೆಲಸ ಸರಳ. ಮುಂದೆ ಮಸೂರ, ಹಿಂದೆ ಮಸುಕು ಗಾಜು, ನಡುವೆ ಮಡಿಕೆಗಳ ತಿದಿ. ಕರಿಯ ಬಟ್ಟೆ ಹೊದ್ದು ನೋಡಿದರೆ ಗಾಜಿನ ಮೇಲೆ ಲೋಕ ತಲೆಕೆಳಗಾಗಿ ಕಾಣುತ್ತದೆ. ಗಾಜಿನ ಜಾಗಕ್ಕೆ ಫಲಕವಿಟ್ಟು, ಮಸೂರದ ಮುಚ್ಚಳ ತೆಗೆದು, ಎಣಿಸಿ ಮುಚ್ಚಬೇಕು. ಫಲಕ ಒಂದೇ, ಆದ್ದರಿಂದ ತೆಗೆಯುವವನೂ ಎದುರು ಕುಳಿತವರೂ ಆ ಒಂದು ಗಳಿಗೆಗೆ ಮನಸ್ಸು ಕೊಡಲೇಬೇಕು. ನಮ್ಮ ಅಜ್ಜ ಅಜ್ಜಿಯರ ಚಿತ್ರಗಳಲ್ಲಿ ಕಾಣುವ ಗಾಂಭೀರ್ಯದಲ್ಲಿ ಇದರ ಪಾಲೂ ಇದೆ.

ಇನ್ನೊಂದು ಗುಣವನ್ನೂ ಸ್ಮರಿಸಬೇಕು. ಇಂಗ್ಲೆಂಡಿನ ಕಂಪನಿಗಳು ನಮ್ಮಂಥ ಸೆಕೆಯ ನಾಡುಗಳಿಗೆಂದೇ ತೇಗದ ಮರ, ಹಿತ್ತಾಳೆಗಳ ಕ್ಯಾಮೆರಾ ಮಾಡುತ್ತಿದ್ದವು. ಆದರೆ ಮರಗೆಲಸ ಬಲ್ಲ ನಮ್ಮವರಿಗೆ ಅದೇನು ಬ್ರಹ್ಮವಿದ್ಯೆಯೇ? 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ 'ವಾಗೀಶ್ವರಿ' ಎಂಬ ಮರದ ಕ್ಯಾಮೆರಾ ತಯಾರಿಸಿದರು. ಅವರದು ಸಂಗೀತವಾದ್ಯ ರಿಪೇರಿಯ ಮನೆತನ. ಹಾರ್ಮೋನಿಯಂಗೂ ತಿದಿ, ಕ್ಯಾಮೆರಾಕ್ಕೂ ತಿದಿ! ಒಂದಕ್ಕೆ ಗಾಳಿ ಸೋರಬಾರದು, ಇನ್ನೊಂದಕ್ಕೆ ಬೆಳಕು ಸೋರಬಾರದು; ಅಷ್ಟೇ ವ್ಯತ್ಯಾಸ. ವಾಗೀಶ್ವರಿ ದೇಶದ ಅನೇಕ ಸ್ಟುಡಿಯೋಗಳನ್ನು ಸೇರಿತು.

ನನಗೆ ತೋರುವಂತೆ ಮರದ ಕ್ಯಾಮೆರಾದ ಆಕರ್ಷಣೆಯ ಗುಟ್ಟು ಇದೇ: ಅದು ನಮ್ಮ ಕೈಗೆ, ಬುದ್ಧಿಗೆ ಎಟುಕುವ ಯಂತ್ರ. ತಿದಿ ಹರಿದರೆ ಅಂಟಿಸಬಹುದು, ಕಾಲು ಮುರಿದರೆ ಬಡಗಿ ಕೂಡಿಸಬಲ್ಲ.

ಕ್ಯಾಮೆರಾವನ್ನು ಅಲಂಕಾರಕ್ಕಾದರೂ ಉಳಿಸಿಕೊಳ್ಳುವವರುಂಟು. ಅದು ತೆಗೆದ ಗಾಜಿನ ಫಲಕ, ಹಳೆಯ ಚಿತ್ರಗಳ ಗತಿಯೇನು? ಮನೆ ಬದಲಿಸುವಾಗ ಅವು ರದ್ದಿಯ ಪಾಲಾಗುತ್ತವೆ. ಓದುಗರು ದಯವಿಟ್ಟು ಇಂದೇ ಪೆಟ್ಟಿಗೆ ತೆಗೆಯಲಿ. ಹಿರಿಯರನ್ನು ಕೂರಿಸಿಕೊಂಡು ಕೇಳಿ, ಪ್ರತಿ ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು ಬರೆದಿಡಲಿ. ಹೇಳುವವರು ಹೋದ ಮೇಲೆ ಎಂಥ ಒಳ್ಳೆಯ ಚಿತ್ರವೂ ಅಪರಿಚಿತರ ಚಿತ್ರವೇ.