ಅಜ್ಜಿ ಮದುವೆಯಲ್ಲಿ ಬಿಳಿ ಸೀರೆ ಉಟ್ಟಿದ್ದಳೇ?

ಕಳೆದ ಸಲ ಮಾನ್ವಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕಿನಿಂದ ಒಂದು ಫೋಟೋ ಎತ್ತಿಕೊಂಡು ಬಂದೆ. ಅಜ್ಜ-ಅಜ್ಜಿ ಮದುವೆಯಾದ ಹೊಸತರಲ್ಲಿ, 1946ರಲ್ಲಿ, ರಾಯಚೂರಿನ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಅಜ್ಜ ಕುರ್ಚಿ ಮೇಲೆ ಕೂತಿದ್ದಾನೆ, ಅಜ್ಜಿ ಪಕ್ಕದಲ್ಲಿ ನಿಂತಿದ್ದಾಳೆ. ಹಿಂದೆ ಪರದೆಯ ಮೇಲೆ ಬರೆದ ಕಂಬ, ಬಳ್ಳಿ, ಯಾವುದೋ ದೇಶದ ಸರೋವರ. ಎಲ್ಲರ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತೆ ಬಿಡಿ.

ನನಗೆ ಚಿಕ್ಕಂದಿನಿಂದ ಈ ಫೋಟೋದ ಬಗ್ಗೆ ಒಂದು ಅನುಮಾನ. ಅದರಲ್ಲಿ ಅಜ್ಜಿಯ ಸೀರೆ ಬಿಳಿ, ಸೆರಗು ಕಪ್ಪು. ಹೊಸ ಮದುಮಗಳು ಬಿಳಿ ಸೀರೆಗೆ ಕಪ್ಪು ಸೆರಗು ಹೊದ್ದು ಫೋಟೋಕ್ಕೆ ನಿಲ್ಲುವುದು ಅಂದರೆ ಏನು? ನಮ್ಮ ಕಡೆ ಅಂಥದ್ದನ್ನು ಯಾರೂ ಕೈಯಲ್ಲಿ ಕೂಡ ಮುಟ್ಟುತ್ತಿರಲಿಲ್ಲ. ಅಜ್ಜಿಯನ್ನು ಕೇಳೋಣ ಅಂದರೆ ಆಕೆ ತೀರಿಕೊಂಡು ಬಹಳ ವರ್ಷವಾಯಿತು. ಅಮ್ಮನ್ನ ಕೇಳಿದರೆ "ಏ, ಬಿಳೀದು ಯಾಕ್ ಉಡ್ತಾಳೋ, ಇಳಕಲ್ ಸೀರಿ ಅದು" ಅಂದಳು. ಅಷ್ಟೇ.

ಫೋಟೋಗ್ರಫಿ ಗೊತ್ತಿರುವ ಗೆಳೆಯನೊಬ್ಬ ಇದಕ್ಕೆ ಅರ್ಧ ಉತ್ತರ ಕೊಟ್ಟ. ಆ ಕಾಲದಲ್ಲಿ ಆರ್ಥೋಕ್ರೋಮ್ಯಾಟಿಕ್ ಅನ್ನುವ ಬಗೆಯ ಪ್ಲೇಟು, ಫಿಲ್ಮುಗಳಿದ್ದವಂತೆ. ಅವಕ್ಕೆ ನೀಲಿ, ಹಸಿರು ಕಾಣುತ್ತವೆ, ಕೆಂಪು ಕಾಣುವುದಿಲ್ಲ. ಹಾಗಾಗಿ ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಹಚ್ಚಿಟ್ಟುಕೊಂಡು ಕಣ್ಣಾರೆ ನೋಡುತ್ತಲೇ ತೊಳೆಯಬಹುದು, ಅದೊಂದು ಅನುಕೂಲ. ಆದರೆ ಚಿತ್ರದಲ್ಲಿ ಕೆಂಪು ಇದ್ದ ಕಡೆಯೆಲ್ಲ ಕಪ್ಪಾಗುತ್ತೆ, ನೀಲಿ ಇದ್ದ ಕಡೆ ಬೆಳ್ಳಗಾಗುತ್ತೆ. ನಮ್ಮ ಫೋಟೋ ಅಂಥದ್ದೇ ಇರಬೇಕು. ಅಜ್ಜಿಯ ಹಣೆಯ ಕುಂಕುಮ ಕೂಡ ಕಾಡಿಗೆ ಬೊಟ್ಟಿನ ಹಾಗೆ ಕಾಣುತ್ತೆ ಅದರಲ್ಲಿ. ಅಂದರೆ ಆ ಕಪ್ಪು ಸೆರಗು ಕೆಂಪು. ಹಾಗಾದರೆ ಬಿಳಿ ಮೈ...? ಅದಕ್ಕೆ ಆಮೇಲೆ ಬರ್ತೀನಿ.

ಸೆರಗು ಕೆಂಪು ಅಂದಮೇಲೆ ಅದು ಇಳಕಲ್ಲೇ, ಅನುಮಾನವಿಲ್ಲ. ಇಳಕಲ್ ಸೀರೆಯಲ್ಲಿ ಮೈ ಯಾವ ಬಣ್ಣದ್ದಾದರೂ ಇರಲಿ, ಅಂಚು ಗೋಮಿಯೋ ಪರಾಸಪೇಟೆಯೋ ಗಾಡಿಯೋ ಇರಲಿ, ಸೆರಗು ಮಾತ್ರ ಕೆಂಪು ರೇಷ್ಮೆ, ಅದರ ಮೇಲೆ ಬಿಳಿ ವಿನ್ಯಾಸ. ಹಣಿಗೆ, ಕೋಟೆ ಕಮ್ಮಲಿ, ತೋಪು ತೆನೆ, ರಂಪ ಅಂತ ಆ ವಿನ್ಯಾಸಕ್ಕೆ ಹೆಸರುಗಳು. ಬಾಚಣಿಕೆ, ಕೋಟೆಯ ತೆನೆ, ಜೋಳದ ತೆನೆ, ಗುಡ್ಡದ ಸಾಲು. ನಮ್ಮ ಎರೆಭೂಮಿಯ ಹೆಣ್ಣುಮಗಳು ದಿನಾ ಕಾಣುವುದೆಲ್ಲ ಹೆಗಲ ಮೇಲೆ ಬಂದು ಕೂತಿವೆ.

ಈ ಸೆರಗು ಸೀರೆಯ ಜೊತೆ ಹುಟ್ಟಿದ್ದಲ್ಲ, ಜೋಡಿಸಿದ್ದು. ಮೈಯ ಹಾಸು ನೂಲು ಬೇರೆ, ಸೆರಗಿನ ಹಾಸು ನೂಲು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಮಗ್ಗಕ್ಕೆ ಏರಿಸುತ್ತಾರೆ. ಒಂದೊಂದು ಸೀರೆಗೂ ಈ ಕೊಂಡಿಯ ಕೆಲಸ ಹೊಸದಾಗಿ ಆಗಬೇಕು. ಮಗ್ಗದ ಮುಂದೆ ಕೂರುವ ನೇಕಾರನ ಶ್ರಮ ಎಲ್ಲರಿಗೂ ಕಾಣುತ್ತೆ, ಕೊಂಡಿ ಹಾಕುವ ಮನೆಯ ಹೆಂಗಸರ ಬೆರಳು ಯಾರಿಗೂ ಕಾಣುವುದಿಲ್ಲ. ಪವರ್‌ಲೂಮಿನ ಅಗ್ಗದ "ಇಳಕಲ್"ಗಳಲ್ಲಿ ಈ ಕೊಂಡಿ ಇರುವುದಿಲ್ಲ. ಸೆರಗು ಶುರುವಾಗುವ ಗೆರೆಯನ್ನು ಒಮ್ಮೆ ತಿರುಗಿಸಿ ನೋಡಿ, ಗೊತ್ತಾಗುತ್ತೆ.

ಬಣ್ಣ ಹೊಂದಿಸುವ ಆಟ ಶುರುವಾಗುವುದೇ ಇಲ್ಲಿಂದ. ಸೆರಗು ಕೆಂಪೇ ಅಂತ ಒಮ್ಮೆ ಗೊತ್ತಾದ ಮೇಲೆ ಉಳಿದದ್ದೆಲ್ಲ ಕೆಂಪಿನ ಜೊತೆ ಬಾಳುವೆ ಮಾಡಬೇಕು. ಹಾಗಾಗಿ ಗಿಳಿ ಹಸಿರು, ನವಿಲು ಬಣ್ಣ, ನೀಲಿ, ದಾಳಿಂಬೆ, ಕಪ್ಪು ಚಂದ್ರಕಾಳಿ. ನಮ್ಮ ರಾಯಚೂರಿಗೆ ಇನ್ನೊಂದು ಅದೃಷ್ಟ ಏನಂದರೆ ಎರಡು ದಿಕ್ಕಿನಿಂದಲೂ ಮಗ್ಗಗಳ ಸದ್ದು. ಪಡುವಣಕ್ಕೆ ಇಳಕಲ್ಲು, ಗುಳೇದಗುಡ್ಡದ ಖಣ. ಮೂಡಣಕ್ಕೆ ಗದ್ವಾಲ, ಕೃಷ್ಣೆ ದಾಟಿದರೆ ನಾರಾಯಣಪೇಟೆ. ಗದ್ವಾಲಿನವರು ಹತ್ತಿಯ ಮೈಗೆ ರೇಷ್ಮೆ ಅಂಚನ್ನು ಕೂಡಿಸಿ ನೇಯುತ್ತಾರೆ, ನಾರಾಯಣಪೇಟೆಯವರು ಚೌಕಳಿ ಹಾಕುತ್ತಾರೆ. ಎಲ್ಲರ ಸೂತ್ರವೂ ಒಂದೇ: ಮೈಗೂ ಅಂಚಿಗೂ ಜಗಳ ಇರಬೇಕು. ಮೈಗೆ ಒಪ್ಪುವ ಅದೇ ಬಣ್ಣದ ಬ್ಲೌಸು ಹಾಕುವ ಮ್ಯಾಚಿಂಗು ನಮ್ಮ ಊರಿಗೆ ಬಂದದ್ದು ಬಹಳ ತಡವಾಗಿ. ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ನಮ್ಮ ಮನೆಯ ಮದುವೆ ಫೋಟೋ ನೋಡಿ "ಏನ್ರೀ ಎಲ್ಲ ಜಾತ್ರೆ ಥರ ಇದೆ" ಅಂದಿದ್ದರು. ಆಗ ನಾಚಿಕೆಯಾಗಿತ್ತು. ಈಗ ಆ ನಾಚಿಕೆ ನೆನೆಸಿಕೊಂಡರೆ ನಾಚಿಕೆಯಾಗುತ್ತೆ :)

ಇನ್ನು ಅಜ್ಜನ ಉಡುಪು. ಕತ್ತಿನವರೆಗೆ ಗುಂಡಿ ಹಾಕಿದ ಶೇರ್ವಾನಿ, ತಲೆ ಮೇಲೆ ರೂಮಿ ಟೋಪಿ! ಮಾನ್ವಿಯ ಮಾಧ್ವರ ಮನೆಯ ಹುಡುಗ, ಜಗನ್ನಾಥದಾಸರ ಊರಿನವನು. ಮನೆಯಲ್ಲಿ ಕಚ್ಚೆ ಪಂಚೆ, ಅಂಗಾರ-ಅಕ್ಷತೆ. ಹೊರಗೆ ಶೇರ್ವಾನಿ. ಯಾಕೆಂದರೆ ಆಗ ರಾಯಚೂರು ನಿಜಾಮನ ಹೈದರಾಬಾದ್ ಸಂಸ್ಥಾನದ ಜಿಲ್ಲೆ, ಅಜ್ಜ ಕಚೇರಿಯಲ್ಲಿ ಗುಮಾಸ್ತ. ತುರ್ಕಿ ದೇಶದವರು 1925ರಲ್ಲೇ ಕಾನೂನು ಮಾಡಿ ಆ ಟೋಪಿಯನ್ನು ಕಿತ್ತೆಸೆದಿದ್ದರು. ನಮ್ಮ ಅಜ್ಜನ ತಲೆ ಮೇಲೆ ಅದು ಇನ್ನೂ ಇಪ್ಪತ್ತೊಂದು ವರ್ಷ ಕಳೆದ ಮೇಲೂ ಕೂತಿದೆ. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮನ ಆಳ್ವಿಕೆ ಮುಗಿಯಿತು. ಅಜ್ಜನ ಟೋಪಿ ಅದೇ ವಾರ ಟ್ರಂಕು ಸೇರಿತಂತೆ, ಮತ್ತೆ ಹೊರಗೆ ಬರಲಿಲ್ಲ. ಬಿಳಿ ಟೋಪಿ ಬಂತು.

ಗಂಡಸರ ಉಡುಪಿನ ಈ ಕಥೆ ನಮ್ಮ ಕಡೆ ಹೊಸದೇನೂ ಅಲ್ಲ. 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ದೊಡ್ಡ ಯುದ್ಧವಾಯಿತಲ್ಲ. ಆ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ರಾಯನನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಚಿನ್ನದ ಗುಲಾಬಿಗಳ ಕಸೂತಿ ಇದ್ದ ಬಿಳಿ ಬಟ್ಟೆ, ತಲೆ ಮೇಲೆ ಶಿರಸ್ತ್ರಾಣದ ಆಕಾರದ ಜರಿ ಟೋಪಿ, ಕಾಲು ಬರಿಗಾಲು. ಆ ಎತ್ತರದ ಟೋಪಿಯನ್ನು ತಿರುಪತಿಯ ರಾಯನ ವಿಗ್ರಹದಲ್ಲೂ ಲೇಪಾಕ್ಷಿಯ ಚಿತ್ರಗಳ ಗಂಡಸರ ತಲೆ ಮೇಲೂ ನೋಡಬಹುದು. ಕುಲ್ಲಾಯಿ ಅಂತ ಅದರ ಹೆಸರು, ಪಾರ್ಸಿಯ ಕುಲಾಹ್‌ನಿಂದ ಬಂದದ್ದು. ಜೊತೆಗೆ ಉದ್ದ ತೋಳಿನ ಕಬಾಯಿ, ಅದು ಅರಬಿಯ ಕಬಾ. ವಿಜಯನಗರದ ಆಸ್ಥಾನದ ಗಂಡಸರು ಇವನ್ನು ತೊಟ್ಟು ಸುಲ್ತಾನರ ಜಗತ್ತಿನ ಜೊತೆ ಸರಿಸಮಾನ ನಿಂತರು ಅಂತ ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸ 1996ರಲ್ಲಿ ಒಂದು ಒಳ್ಳೆಯ ಪ್ರಬಂಧ ಬರೆದಿದ್ದಾರೆ. ತೆಲುಗಿನ ಕವಿ ಶ್ರೀನಾಥ ಕರ್ಣಾಟದ ಆಸ್ಥಾನಕ್ಕೆ ಬರಲು ತಾನು ಕುಲ್ಲಾಯಿ ಇಟ್ಟು ದೊಡ್ಡ ಕುಪ್ಪಸ ತೊಡಬೇಕಾಯಿತಲ್ಲ ಅಂತ ಗೊಣಗಿದ್ದು ಅದಕ್ಕೂ ನೂರು ವರ್ಷ ಹಿಂದೆ. ಅಂದರೆ ರಾಯಚೂರಿನ ಬಯಲಿನಲ್ಲಿ ಎದುರುಬದುರು ನಿಂತ ಎರಡೂ ಕಡೆಯ ದೊರೆಗಳ ಟೋಪಿಗಳು ಒಂದೇ ವಂಶದವು!

ಇದರಲ್ಲಿ ನನಗೆ ತಮಾಷೆ ಅನ್ನಿಸುವುದು ಇಷ್ಟು. "ಕೂಸು ಹುಟ್ಟೋ ಮುಂಚೆ ಕುಲಾವಿ" ಅಂತೀವಲ್ಲ, ಆ ಕುಲಾವಿ ಇದೇ ಕುಲ್ಲಾಯಿ. ಸಾಮ್ರಾಟನ ತಲೆಯಿಂದ ಇಳಿದು ಕೂಸಿನ ತಲೆಗೆ ಬಂತು. ಶ್ರೀನಾಥ ತೊಟ್ಟ ಕುಪ್ಪಸ ನಮ್ಮ ಅಜ್ಜಿಯರ ಖಣದ ಕುಪ್ಪಸವಾಯಿತು.

ಗಂಡಸರ ಬಟ್ಟೆ ದೊರೆ ಬದಲಾದಂತೆಲ್ಲ ಬದಲಾಯಿತು, ಹೆಂಗಸರದು ಬದಲಾಗಲಿಲ್ಲ ಅಂತ ನಾನು ಬಹಳ ದಿನ ನಂಬಿದ್ದೆ. ಫೋಟೋ ಕೂಡ ಹಾಗೇ ಹೇಳುತ್ತೆ ನೋಡಿ. ಅಜ್ಜ ಹೈದರಾಬಾದು, ಅಜ್ಜಿ ಇಳಕಲ್ಲು. ಆಗ ಇಳಕಲ್ ಇದ್ದದ್ದು ಬ್ರಿಟಿಷರ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿ. ಮುದಗಲ್ ಆಚೆ ಹೋದರೆ ಬೇರೆ ಸರ್ಕಾರ, ಬೇರೆ ನಾಣ್ಯ. ಅಲ್ಲಿಂದ ಬರುವ ಮಾಲಿಗೆ ನಿಜಾಮನ ಕರೋಡಗಿರಿಯವರು ಸುಂಕ ಹಾಕುತ್ತಿದ್ದರು. ನಾರಾಯಣಪೇಟೆ ನಿಜಾಮನ ಒಳಗೇ ಇತ್ತು, ಸುಂಕವಿಲ್ಲ. ಆದರೂ ಮದುವೆಗೆ ಇಳಕಲ್ಲೇ ಬೇಕು ಅಂತ ತರಿಸಿದವರು ಯಾರು?

ದೊಡ್ಡಜ್ಜಿ. ಅಜ್ಜಿಯ ಅಕ್ಕ.

ದೊಡ್ಡಜ್ಜಿಯನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ಮೂರೇ ವರ್ಷ. ಹತ್ತೊಂಬತ್ತಕ್ಕೆ ಗಂಡ ಹೋದ, ವಾಪಸ್ ಮಾನ್ವಿಗೆ ಬಂದಳು. ತಲೆ ಬೋಳಿಸಿ ಮಡಿಯ ಕೆಂಪು ಸೀರೆ ಉಡಿಸಿದರು. ಕೆಂಪು ಅಂದರೆ ಸೆರಗಿನ ಕೆಂಪಲ್ಲ. ಅಂಚಿಲ್ಲ, ತೆನೆಯಿಲ್ಲ, ಕುಪ್ಪಸವೂ ಇಲ್ಲ. ನಾನು ನೋಡುವ ಹೊತ್ತಿಗೆ ಆಕೆಗೆ ಎಪ್ಪತ್ತು ದಾಟಿತ್ತು, ಅದೇ ಸೀರೆ. ನಮಗೆ ಅದು ಆಕೆಯ ಚರ್ಮದ ಹಾಗೆ, ಅದರ ಬಗ್ಗೆ ಯಾರೂ ಯೋಚನೆಯನ್ನೇ ಮಾಡುತ್ತಿರಲಿಲ್ಲ.

ಆದರೆ ಮನೆಗೆ ಸೀರೆ ಗಂಟು ಹೊತ್ತವರು ಬಂದರೆ ಮೊದಲು ಕರೆಯುವುದು ಆಕೆಯನ್ನೇ. ಪಡಸಾಲೆಯ ಒಳ ಬಾಗಿಲಲ್ಲಿ ಕೂರುತ್ತಿದ್ದಳು, ಬಟ್ಟೆ ಮುಟ್ಟುತ್ತಿರಲಿಲ್ಲ, ಮಡಿ. ಬೆರಳು ತೋರಿಸಿಯೇ ವ್ಯಾಪಾರ. "ಅದು ತಗದಿಡು. ಅದರ ಮ್ಯಾಲೆ ಇದು ಹಾಕು. ಊಂಹೂಂ, ಬಿಸಿಲಿಗೆ ಹಿಡಿ." ಆಕೆಗೊಂದು ಸೂತ್ರ ಇತ್ತು. ಕುಪ್ಪಸ ಅಂಚನ್ನ ಕೇಳಬೇಕು, ಮೈಯನ್ನ ಕೇಳಬಾರದು. ಕಪ್ಪು ಮೈಬಣ್ಣದ ಹುಡುಗಿಗೆ ತಿಳಿ ಬಣ್ಣ ತರುವವರನ್ನು ಬೈಯುತ್ತಿದ್ದಳು. "ಎರಿ ಹೊಲದಾಗ ಕುಸಬಿ ಹೂವು ಎಷ್ಟು ಛಂದ ಕಾಣ್ತದ ನೋಡಿಲ್ಲೇನು?" ಅನ್ನುತ್ತಿದ್ದಳು. ಕುಸುಬೆ ನಮ್ಮ ಕಡೆ ಎಣ್ಣೆಗೆ ಬೆಳೆಯುವ ಬೆಳೆ, ಮೈತುಂಬ ಮುಳ್ಳು. ಹಿಂದೆ ಅದರ ಎಸಳಿನಿಂದಲೇ ಬಟ್ಟೆಗೆ ಬಣ್ಣ ತೆಗೆಯುತ್ತಿದ್ದರು. ತಣ್ಣೀರಲ್ಲಿ ತೊಳೆತೊಳೆದು ಹಳದಿಯನ್ನೆಲ್ಲ ಚೆಲ್ಲಬೇಕು, ಉಳಿದದ್ದಕ್ಕೆ ಬೂದಿಯ ಕ್ಷಾರ ಹಾಕಿದರೆ ಕೆಂಪು ಬಿಡುತ್ತೆ, ನಿಂಬೆಯಂಥ ಹುಳಿ ಬಿದ್ದಾಗ ಆ ಕೆಂಪು ಬಟ್ಟೆಗೆ ಹಿಡಿಯುತ್ತೆ. ಬಹಳ ಚೆಲುವಾದ ಬಣ್ಣ, ಬಿಸಿಲು ಕಂಡರೆ ಓಡಿಹೋಗುವ ಬಣ್ಣ. 1868ರಲ್ಲಿ ಜರ್ಮನಿಯಲ್ಲಿ ಅಲಿಜರಿನ್ ಕೆಂಪನ್ನು ಪ್ರಯೋಗಶಾಲೆಯಲ್ಲಿ ಮಾಡಿದರು, 1897ಕ್ಕೆ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು. ಹೂವು, ಬೇರು, ಸೊಪ್ಪಿನ ಬಣ್ಣಗಳು ಹಿಂದೆ ಸರಿದವು.

ದೇವದುರ್ಗದ ಸಂತೆಯಲ್ಲಿ ನೋಡಿದ ಲಂಬಾಣಿ ಹೆಂಗಸರ ಮಾತನ್ನು ಆಕೆ ಆಗಾಗ ತೆಗೆಯುತ್ತಿದ್ದಳು. ಫೇಟಿಯಾ, ಕಾಂಚಳಿ, ಕನ್ನಡಿ ಚೂರು, ಕವಡೆ. "ಒಂದು ಮೈಮ್ಯಾಲೆ ಹನ್ನೆರಡು ಬಣ್ಣ, ಒಂದಕ್ಕೊಂದು ಬೈಯೋದಿಲ್ಲ ನೋಡು" ಅಂತ. ಅವರಿಗೆ ಯಾರೂ ಬ್ಯಾಡ ಅನ್ನೋದಿಲ್ಲ ಅಂತಲೂ ಸೇರಿಸುತ್ತಿದ್ದಳು. ಅದು ಪೂರ್ತಿ ನಿಜ ಅಲ್ಲ. ಅಲ್ಲೂ ಗಂಡ ಹೋದರೆ ಕೂದಲಿನ ಘೂಗ್ರಿ, ತೋಳಿನ ಬಳೆ ತೆಗೆಯಬೇಕು. ಆಕೆಗೆ ಇದು ಗೊತ್ತಿತ್ತೋ ಇಲ್ಲವೋ.

ಮೇಲಿನ ಫೋಟೋದಲ್ಲಿ ದೊಡ್ಡಜ್ಜಿ ಇಲ್ಲ. ಮದುವೆಯ ಯಾವ ಫೋಟೋದಲ್ಲೂ ಇಲ್ಲ, ಮದುವೆಯ ಚಪ್ಪರದಲ್ಲೂ ಇರಲಿಲ್ಲ. ಅಡುಗೆ ಮನೆಯಲ್ಲಿದ್ದಳು. ತಂಗಿಯ ಸೀರೆ ಮಾತ್ರ ಆಕೆ ಆರಿಸಿದ್ದು. ಗಂಡಸರ ಬಟ್ಟೆ ನಿಜಾಮ ಹೇಳಿದಂತೆ, ಹೆಂಗಸರದು ಅವರ ರುಚಿಯಂತೆ ಅನ್ನುವ ನನ್ನ ಸಿದ್ಧಾಂತ ಅಡುಗೆ ಮನೆಯ ಬಾಗಿಲಿಗೆ ಬಂದು ಮುಗ್ಗರಿಸಿತು. ನಿಜಾಮನ ಟೋಪಿ ಒಂದು ವಾರದಲ್ಲಿ ಇಳಿಯಿತು. 1956ರಲ್ಲಿ ರಾಯಚೂರೂ ಇಳಕಲ್ಲೂ ಒಂದೇ ರಾಜ್ಯಕ್ಕೆ ಬಂದವು. 2007ರಲ್ಲಿ ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ನೋಂದಣಿಯಾಯಿತು. 2023ರಲ್ಲಿ ದೇಶದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಧಾರವಾಡದ ಕಸೂತಿ ಹಾಕಿದ ಕೆಂಪು ಇಳಕಲ್ ರೇಷ್ಮೆ ಉಟ್ಟು ಬಜೆಟ್ ಓದಿದರು, ನಮ್ಮ ಮನೆಯಲ್ಲಿ ಎಲ್ಲರೂ ಟೀವಿ ಮುಂದೆ ಕೂತು ಲೆಕ್ಕಕ್ಕಿಂತ ಅಂಚನ್ನೇ ನೋಡಿದ್ದು. ದೊಡ್ಡಜ್ಜಿಯ ಸೀರೆ ಆಕೆ ಸಾಯುವವರೆಗೂ ಬದಲಾಗಲಿಲ್ಲ.

ಈಗ ಆ ಬಿಳಿ ಮೈಯ ವಿಷಯ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ದೊಡ್ಡಜ್ಜಿ ಕೌದಿ ಹೊಲಿಯುತ್ತಿದ್ದಳು. ಹರಿದ ಸೀರೆ, ಉಳಿದ ಖಣ, ಮಕ್ಕಳ ಅಂಗಿ. ಕೌದಿಗೆ ಯಾವ ಬಣ್ಣ ಹಾಕಬೇಕು ಹಾಕಬಾರದು ಅಂತ ಯಾವ ಮಠದವರೂ ಹೇಳಿಲ್ಲ ನೋಡಿ. ಅವುಗಳಲ್ಲಿ ಒಂದು ನಮ್ಮ ಮನೆಗೆ ಬಂದಿದೆ. ಫೋಟೋ ತಂದ ದಿನ ಅದನ್ನು ಹರಡಿಕೊಂಡು ಒಂದೊಂದೇ ತುಂಡು ನೋಡುತ್ತಾ ಕೂತಿದ್ದೆ. ಅಮ್ಮ ಬಂದು ನಡುವಿನ ಒಂದು ಚೌಕದ ಮೇಲೆ ಬೆರಳಿಟ್ಟಳು. "ಇದೇ ಅವ್ವನ ಮದುವಿ ಸೀರಿ."

ನೀಲಿ. ತೊಳೆದು ತೊಳೆದು ಮೋಡದ ಬಣ್ಣಕ್ಕೆ ಬಂದಿದೆ, ಆದರೆ ಹೊಲಿಗೆ ಬಿಚ್ಚಿ ಮಡಿಕೆಯ ಒಳಗೆ ನೋಡಿದರೆ ಇನ್ನೂ ಗಟ್ಟಿ ನೀಲಿ. ಅದರ ಒಂದು ಪಕ್ಕ ಕೆಂಪು ಸೆರಗಿನ ಚೂರು, ತೋಪು ತೆನೆಯ ಒಂದು ಹಲ್ಲು ಕಾಣುತ್ತೆ. ಇನ್ನೊಂದು ಪಕ್ಕ ಕುಸುಬೆ ಹೂವಿನ ಹಳದಿಯ ಖಣ. ಬಿಚ್ಚಿದ್ದನ್ನು ಮತ್ತೆ ಹೊಲಿಯಲು ನನ್ನ ಹೆಂಡತಿ ಕೂತಳು, ಅರ್ಧ ಗಂಟೆಯಾಯಿತು. ದೊಡ್ಡಜ್ಜಿಯ ಹಾಗೆ ಸಣ್ಣ ಹೊಲಿಗೆ ಬರಲಿಲ್ಲ.