ಕೂಲಿಯ ದಾರಿ, ದುಡಿಮೆಯ ನಂಟು

ರಸ್ತೆ, ನೀರು, ದುಡ್ಡು ಬಂದರೆ ಹಳೆಯ ದುಡಿಮೆಯ ನಂಟುಗಳು ತಾವಾಗಿ ಸಡಿಲಗೊಳ್ಳುತ್ತವೆ ಎಂಬ ಎಣಿಕೆ ಬಹುಕಾಲ ಉಳಿದಿತ್ತು. ಅದನ್ನು ಅಲುಗಿಸಿದ್ದು ಮಂಡ್ಯದ ನೆಲ. ಇಂಥ ನಂಟುಗಳನ್ನು ಬೇರೆಡೆ ನೋಡಿದವರೂ ಇದ್ದರು. 1924ರಿಂದ ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ ನಡೆದ ಪ್ರಯೋಗಗಳು ಕೆಲಸಗಾರರ ಒಳಗುಂಪುಗಳನ್ನು ಗುರುತಿಸಿದ್ದವು, ಆದರೆ ಗೋಡೆಯಾಚೆಗೆ ಅಷ್ಟಾಗಿ ನೋಡಿರಲಿಲ್ಲ. 1954ರಲ್ಲಿ ಮಾನವಶಾಸ್ತ್ರಜ್ಞ ಜಾನ್ ಬಾರ್ನ್ಸ್ ನಾರ್ವೆಯ ದ್ವೀಪದೂರೊಂದರ ಸಂಬಂಧಗಳನ್ನು ಬಲೆಯ ಹೆಣಿಗೆಯಾಗಿ ವಿವರಿಸಿದರು. ಅದೇ ವರ್ಷ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯ ಸೀಮೆಗೆ ಬಂದು ಎರಡು ಹಳ್ಳಿಗಳನ್ನು ಅಭ್ಯಾಸಕ್ಕೆ ಎತ್ತಿಕೊಂಡರು. ತಮ್ಮ ಬರಹದಲ್ಲಿ ಅವನ್ನು ವಂಗಲ, ದಾಲೇನ ಎಂದು ಕರೆದರು. ವಂಗಲಕ್ಕೆ 1939ರ ಸುಮಾರಿಗೆ ನಾಲೆಯ ನೀರು ಹರಿದು ಕಬ್ಬು ಬಂತು, ಕೈಯಲ್ಲಿ ಕಾಸು ಆಡಿತು. ಆದರೂ ಒಕ್ಕಲು ಮನೆಗೂ ತಲೆತಲಾಂತರದ ದಲಿತ ಆಳಿನ ಮನೆಗೂ ಇದ್ದ ನಂಟು, ವರ್ಷಕ್ಕೆ ಇಷ್ಟು ರಾಗಿ ಇಷ್ಟು ಹುಲ್ಲು ಎಂಬ ಲೆಕ್ಕದ ಸಮೇತ, ಹಾಗೆಯೇ ನಿಂತಿತು. ಎತ್ತರದ ದಾಲೇನಕ್ಕೆ ನೀರು ಹತ್ತಲಿಲ್ಲ. ಅಲ್ಲಿನ ಗಂಡಸರು ಮಂಡ್ಯದ ಕೆಲಸಗಳಿಗೆ ಹೊರಟರು, ಹಿಟ್ಟಿನ ಗಿರಣಿ, ಗಾಣ ಹಾಕಿದರು. ಕಳಚಿಬಿದ್ದದ್ದು ಅಲ್ಲಿಯ ಹಳೆಯ ನಂಟು. ನೀರು ಕಂಡ ಊರಿನಲ್ಲಿ ಉಳಿದು, ಕಾಣದ ಊರಿನಲ್ಲಿ ಮುರಿದದ್ದನ್ನು ಗಮನಿಸಿದರೆ ನನಗೆ ತೋರುವುದಿಷ್ಟು: ನಂಟನ್ನು ಬದಲಿಸುವುದು ಕಾಲವೂ ಅಲ್ಲ, ಸಿರಿಯೂ ಅಲ್ಲ. ಅನ್ನ ಯಾರ ಕೈಯಿಂದ ಬರುತ್ತದೆ ಎಂಬುದು ಬದಲಾಗಬೇಕು.

ಹಾಗಾದರೆ ಬೆಂಗಳೂರಿನ ಕಾರ್ಖಾನೆಗಳಲ್ಲಿ ನೆಂಟರ, ಜಾತಿಯವರ ಶಿಫಾರಸು ಏಕೆ ನಡೆಯಿತು ಎಂದು ಕೇಳಬಹುದು. ಮಾರ್ಕ್ ಹೋಮ್‌ಸ್ಟ್ರಾಮ್ 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಕಾಣುತ್ತದೆ. ಬಾಸ್ಟನ್ ಬಳಿಯ ಉದ್ಯೋಗಿಗಳನ್ನು ಕುರಿತು 1973ರಲ್ಲಿ ಬರೆದ ಸಮಾಜಶಾಸ್ತ್ರಜ್ಞ ಗ್ರಾನೊವೆಟರ್, ಕೆಲಸದ ಸುದ್ದಿ ಹೆಚ್ಚಾಗಿ ಆಗೀಗ ಸಿಗುವ ಪರಿಚಯದವರಿಂದ ಬರುತ್ತದೆ ಎಂದಿದ್ದರು. ನಮ್ಮಲ್ಲಿ ಚಿಕ್ಕಪ್ಪ, ಭಾವನೇ ಬೇಕಾಯಿತು. ಆಕ್ಷೇಪ ನ್ಯಾಯವಾದದ್ದೇ. ಆದರೆ ಭಾವ ಗೇಟು ದಾಟಿಸಿದನೇ ಹೊರತು, ದಾಟಿದ ಮೇಲೆ ಸಂಬಳ ಅವನ ಕೈಯಿಂದ ಬರಲಿಲ್ಲ. ವಂಗಲದ ನಂಟು ಆಳನ್ನು ಒಂದೇ ಮನೆಗೆ ಕಟ್ಟಿಹಾಕಿತ್ತು, ಬೆಂಗಳೂರಿನದು ಬಾಗಿಲು ತೆರೆಯಿತು. ಹೆಸರಿಗೆ ಎರಡೂ ಹಳೆಯ ನಂಟೇ, ಮಾಡುವ ಕೆಲಸ ಬೇರೆ. ಆ ಬಾಗಿಲಿನಲ್ಲಿ ಭಾವನಿಲ್ಲದವರು ಹೊರಗೇ ಉಳಿದರೆಂಬುದನ್ನೂ ಮರೆಯುವಂತಿಲ್ಲ.

ಕಾವೇರಿ ದಡದ ರಾಮನಾಥಪುರದಲ್ಲಿ, ಅನ್ನ ಯಾರ ಕೈಯಿಂದ ಬರುತ್ತದೆ ಎಂಬ ಮಾತನ್ನು ಹೊಗೆಸೊಪ್ಪಿನಲ್ಲಿ ಒರೆಗೆ ಹಚ್ಚಬಹುದು. 1984ರಲ್ಲಿ ಕರ್ನಾಟಕಕ್ಕೆ ತಂಬಾಕು ಮಂಡಳಿಯ ಹರಾಜು ಬರುವ ಮುನ್ನ ಬೆಳೆಗಾರನಿಗೆ ವರ್ತಕನ ಮಾತೇ ಬೆಲೆ. ಹರಾಜಿನಲ್ಲಿ ಬೇಲ್‌ಗಳು ಸಾಲಾಗಿ ಕುಳಿತು, ದರ್ಜೆ ನೋಡಿ, ಎಲ್ಲರೆದುರು ದರ ಏರುತ್ತದೆ. ಒಬ್ಬನ ಮರ್ಜಿ ಅಷ್ಟರಮಟ್ಟಿಗೆ ತಗ್ಗಿತು. ಕೊಳ್ಳುವ ಕಂಪನಿಗಳು ಬೆರಳೆಣಿಕೆಯಷ್ಟಾದರೆ ಆ ಬಿಡುಗಡೆ ಅರೆಬರೆಯೇ ಎನ್ನುವವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದಗೊಳಿಸುವ ಬ್ಯಾರನ್ನಿನ ಬಳಿ ಹರಾಜಿನ ಕಟ್ಟಳೆ ನಡೆಯುವುದಿಲ್ಲ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಐದಾರು ದಿನ ಹಗಲಿರುಳು ಬೆಂಕಿ ಕಾಯಬೇಕು. ಒಂದು ರಾತ್ರಿ ಹದ ತಪ್ಪಿದರೆ ಬಣ್ಣ ಕೆಟ್ಟು ದರ್ಜೆ ಇಳಿಯುತ್ತದೆ. ಇಲ್ಲಿ ಬೇಕಾದದ್ದು ನಂಬಿಗಸ್ತ ಆಳು, ಆ ಆಳು ಮುಂಗಡ ಪಡೆದಿದ್ದರೆ ಸೀಸನ್ ಮುಗಿಯುವ ತನಕ ಬೇರೆಡೆಗೆ ಹೋಗಲಾರ. ಮಂಡಳಿಯ ನೋಂದಣಿಯಲ್ಲಿ ಬೆಳೆಗಾರನಿಗೆ ಸಂಖ್ಯೆಯಿದೆ, ಬ್ಯಾರನ್ನಿಗೆ ಲೆಕ್ಕವಿದೆ. ಕಡ್ಡಿ ಕಟ್ಟುವ ಹೆಂಗಸರಿಗೆ ಕೂಲಿ ಯಾರ ಮೂಲಕ ಸಿಗುತ್ತದೆ, ಮುಂದಿನ ವರ್ಷ ಅವರು ಇನ್ನೊಬ್ಬರ ಬ್ಯಾರನ್ನಿಗೆ ಹೋಗಬಲ್ಲರೇ ಎಂಬುದನ್ನು, ಎಪ್‌ಸ್ಟೈನ್ 1970ರಲ್ಲಿ ಅದೇ ಹಳ್ಳಿಗಳಿಗೆ ಮರಳಿ ಹೋಗಿ ಕೇಳಿದಂತೆ, ಇಲ್ಲಿಯೂ ಯಾರಾದರೂ ವರ್ಷ ಬಿಟ್ಟು ವರ್ಷ ಬಂದು ಕೇಳಬೇಕಾಗಿದೆ.