ಕುಕ್ಕರಗಾಲಿನಲ್ಲಿ ಕೂತ ಯಜಮಾನ: ಬೇಸ್‌ಬಾಲ್‌ನ ಕ್ಯಾಚರ್

ಬೇಸ್‌ಬಾಲ್ ತಂಡವೊಂದು ಫೀಲ್ಡಿಂಗ್‌ಗೆ ಇಳಿದಾಗ ಅಂಗಳದಲ್ಲಿ ಒಂಬತ್ತು ಮಂದಿ ಇರುತ್ತಾರೆ. ಎಂಟು ಮಂದಿಯ ಮುಖ ಬ್ಯಾಟರ್‌ನತ್ತ. ಒಂಬತ್ತನೆಯವನು ಬ್ಯಾಟರ್‌ನ ಹಿಂದೆಯೇ, ಹೋಮ್ ಪ್ಲೇಟಿನ ಆಚೆ, ಮುಖಕ್ಕೆ ಕಂಬಿಯ ಮುಸುಕು ಹಾಕಿ ಕುಕ್ಕರಗಾಲಿನಲ್ಲಿ ಕೂತು ಉಳಿದ ಎಂಟೂ ಜನರನ್ನು ನೋಡುತ್ತಿರುತ್ತಾನೆ. ಅವನೇ ಕ್ಯಾಚರ್. ಇಡೀ ಅಂಗಳ ಒಂದೇ ನೋಟಕ್ಕೆ ಸಿಗುವುದು ಅವನೊಬ್ಬನಿಗೆ. ಸ್ಕೋರ್ ಬರೆಯುವವರು ಪ್ರತಿ ಸ್ಥಾನಕ್ಕೂ ಒಂದು ಅಂಕಿ ಕೊಟ್ಟಿದ್ದಾರೆ. ಚೆಂಡೆಸೆಯುವ ಪಿಚರ್ 1, ಕ್ಯಾಚರ್ 2. ಆಟದಲ್ಲಿ ಅವನ ತೂಕ ಮಾತ್ರ ಹಲವು ಸಲ ಮೊದಲನೆಯದು.

ನಮ್ಮವರು ಅವನನ್ನು ವಿಕೆಟ್‌ಕೀಪರ್‌ಗೆ ಹೋಲಿಸುತ್ತಾರೆ. ಅದು ಅರ್ಧ ಸರಿ. ವೇಗದ ಬೌಲರ್ ಇದ್ದಾಗ ಕೀಪರ್ ಹತ್ತಿಪ್ಪತ್ತು ಹೆಜ್ಜೆ ಹಿಂದೆ ಸರಿಯಬಹುದು, ಕ್ಯಾಚರ್‌ಗೆ ಆ ಅನುಕೂಲವಿಲ್ಲ. 18.44 ಮೀಟರ್ ದೂರದಿಂದ ಗಂಟೆಗೆ 150 ಕಿಲೋಮೀಟರಿಗೂ ಮಿಕ್ಕಿ ಬರುವ ಚೆಂಡನ್ನು ಅವನು ಬ್ಯಾಟ್ ಬೀಸುವ ಜಾಗದ ಪಕ್ಕದಲ್ಲೇ ಕೂತು ಹಿಡಿಯಬೇಕು. ಇನ್ನೂ ದೊಡ್ಡ ವ್ಯತ್ಯಾಸವೆಂದರೆ, ಯಾವ ಚೆಂಡು ಹಾಕಬೇಕೆಂದು ಕ್ರಿಕೆಟ್‌ನಲ್ಲಿ ಬೌಲರ್ ನಿರ್ಧರಿಸುತ್ತಾನೆ. ಬೇಸ್‌ಬಾಲ್‌ನಲ್ಲಿ ಅದನ್ನು ಮೊದಲು ಸೂಚಿಸುವವನೇ ಕ್ಯಾಚರ್. ಪಿಚರ್ ಒಪ್ಪದಿದ್ದರೆ ತಲೆಯಲ್ಲಾಡಿಸಬಹುದು, ಆಗ ಇನ್ನೊಂದು ಸೂಚನೆ ಹೋಗುತ್ತದೆ.

ಬೆರಳಿನ ಸಂಜ್ಞೆ

ಒಂದು ಬೆರಳು ತೋರಿಸಿದರೆ ಸಾಮಾನ್ಯವಾಗಿ ಫಾಸ್ಟ್‌ಬಾಲ್, ಎರಡು ಬೆರಳಾದರೆ ಕರ್ವ್. ಇದು ಬಹುಕಾಲದಿಂದ ಬಂದ ಪದ್ಧತಿ. ಬ್ಯಾಟರ್‌ಗೂ ಅವನ ತಂಡದ ಬೆಂಚಿಗೂ ಕಾಣದಂತೆ ತೊಡೆಗಳ ನಡುವೆ ಬೆರಳು ಆಡಿಸಬೇಕು. ಎದುರಾಳಿಯ ಓಟಗಾರ ಎರಡನೇ ಬೇಸಿನಲ್ಲಿ ನಿಂತಿದ್ದರೆ ಅವನಿಗೆ ಎಲ್ಲವೂ ನೇರ ಕಾಣುತ್ತದೆ. ಆಗ ಒಂದರ ಮೇಲೊಂದು ನಾಲ್ಕಾರು ಸಂಜ್ಞೆ ತೋರಿಸಿ ಅದರಲ್ಲಿ ಒಂದು ಮಾತ್ರ ನಿಜವಾಗಿರುವಂತೆ ಮೊದಲೇ ಮಾತಾಡಿಕೊಂಡಿರುತ್ತಾರೆ. ಈ ಬೆರಳುಗಳ ಹಿಂದೆ ಲೆಕ್ಕಾಚಾರ ಬಹಳ. ಬ್ಯಾಟರ್ ಹಿಂದಿನ ಚೆಂಡಿಗೆ ಹೇಗೆ ಕಾಲಿಟ್ಟ, ಬ್ಯಾಟ್ ತಡವಾಯಿತೇ, ಇವತ್ತು ಪಿಚರ್‌ನ ಕರ್ವ್ ಸರಿಯಾಗಿ ತಿರುಗುತ್ತಿದೆಯೇ, ಅವನ ತೋಳು ದಣಿದಿದೆಯೇ? ಇದನ್ನೆಲ್ಲ ತೂಗಿ ನೋಡಲು ಕ್ಯಾಚರ್‌ಗೆ ಇರುವುದು ಕೆಲವೇ ಸೆಕೆಂಡು. 2023ರಲ್ಲಿ ಅಮೆರಿಕದ ಅತ್ಯುನ್ನತ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಪಿಚ್ ಗಡಿಯಾರ ಬಂದ ಮೇಲೆ, ಬೇಸ್‌ಗಳು ಖಾಲಿ ಇದ್ದಾಗ 15 ಸೆಕೆಂಡಿನೊಳಗೆ ಪಿಚರ್ ಎಸೆಯಲು ಶುರು ಮಾಡಲೇಬೇಕು.

ಈ ಸಂಜ್ಞೆಗಳಿಗೆ ಸಂಬಂಧಿಸಿದ ಅತ್ಯಂತ ಕಹಿ ಪ್ರಸಂಗ 1884ರದ್ದು. ಆ ವರ್ಷ ಟೊಲೆಡೊ ತಂಡದ ಕ್ಯಾಚರ್ ಆಗಿದ್ದವರು ಮೋಸೆಸ್ ಫ್ಲೀಟ್‌ವುಡ್ ವಾಕರ್, ಮೇಜರ್ ಲೀಗ್ ಮಟ್ಟದಲ್ಲಿ ಆಡಿದ ಮೊದಲ ಕಪ್ಪುವರ್ಣೀಯರಲ್ಲಿ ಒಬ್ಬರು. ಅದೇ ತಂಡದ ಪಿಚರ್ ಟೋನಿ ಮುಲೇನ್ ಎಷ್ಟೋ ವರ್ಷಗಳ ನಂತರ ತಾನೇ ಒಪ್ಪಿಕೊಂಡ: ತಾನು ಕಂಡ ಕ್ಯಾಚರ್‌ಗಳಲ್ಲಿ ವಾಕರ್‌ಗೆ ಸಮನಾದವರಿಲ್ಲ, ಆದರೂ ಅವರ ಬಣ್ಣದ ಕಾರಣಕ್ಕೆ ಅವರ ಸಂಜ್ಞೆ ನೋಡದೆ ಮನಸ್ಸಿಗೆ ಬಂದ ಚೆಂಡು ಎಸೆಯುತ್ತಿದ್ದೆ, ಎಂದು. ಯಾವ ಚೆಂಡು ಬರುತ್ತದೆಂದು ಗೊತ್ತಿಲ್ಲದೆ ಅದನ್ನು ಹಿಡಿಯುವುದು ಎಂಥ ಅಪಾಯ ಎಂಬುದು ಆ ಸ್ಥಾನದಲ್ಲಿ ಕೂತವರಿಗೇ ಗೊತ್ತು. ವಾಕರ್ ಹಿಡಿದರು. ಮೇಜರ್ ಲೀಗ್ ಮಾತ್ರ ಆ ಬಳಿಕ 1947ರವರೆಗೆ ಕಪ್ಪುವರ್ಣೀಯರಿಗೆ ಬಾಗಿಲು ಹಾಕಿಕೊಂಡಿತು.

ಸಂಜ್ಞೆ ಕದಿಯುವುದು ಈ ಆಟದ ಹಳೆಯ ಚಾಳಿ. ಕಣ್ಣಿನಿಂದ ಕದ್ದರೆ ಜಾಣತನ, ಯಂತ್ರದಿಂದ ಕದ್ದರೆ ಅಪರಾಧ. 2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡ ಕ್ಯಾಮೆರಾದಲ್ಲಿ ಎದುರಾಳಿ ಕ್ಯಾಚರ್‌ನ ಬೆರಳು ನೋಡಿ, ಬೆಂಚಿನ ಹಿಂದಿದ್ದ ಕಸದ ಡಬ್ಬಿ ಬಡಿದು ತನ್ನ ಬ್ಯಾಟರ್‌ಗೆ ಸುಳಿವು ಕೊಟ್ಟಿತು. 2020ರ ಜನವರಿಯಲ್ಲಿ ತಂಡಕ್ಕೆ 50 ಲಕ್ಷ ಡಾಲರ್ ದಂಡ ಬಿತ್ತು. 2022ರಿಂದ ಮೇಜರ್ ಲೀಗ್‌ನಲ್ಲಿ ‘ಪಿಚ್‌ಕಾಮ್’ ಎಂಬ ಸಾಧನಕ್ಕೆ ಅನುಮತಿ ಸಿಕ್ಕಿದೆ. ಕ್ಯಾಚರ್ ಗುಂಡಿ ಒತ್ತುತ್ತಾನೆ, ಪಿಚರ್‌ನ ಟೋಪಿಯೊಳಗಿನ ಪುಟ್ಟ ಸ್ಪೀಕರ್ ಚೆಂಡಿನ ಹೆಸರು ಹೇಳುತ್ತದೆ. ಬೆರಳಿನ ಕೆಲಸ ಕಡಿಮೆಯಾಗಿದೆ, ತಲೆಯ ಕೆಲಸ ಹಾಗೇ ಇದೆ.

ಅಂಚಿನ ಚೆಂಡು

ಹೋಮ್ ಪ್ಲೇಟಿನ ಅಗಲ 17 ಇಂಚು. ಅದರ ಮೇಲೆ, ಬ್ಯಾಟರ್‌ನ ಮಂಡಿಯಿಂದ ಎದೆಮಟ್ಟದವರೆಗಿನ ಕಾಲ್ಪನಿಕ ಚೌಕಟ್ಟಿನಲ್ಲಿ ಹಾದುಹೋದ ಚೆಂಡು ಸ್ಟ್ರೈಕ್. ಹೊರಗೆ ಹೋದದ್ದನ್ನು ಬ್ಯಾಟರ್ ಬಿಟ್ಟರೆ ಅದು ಬಾಲ್. ಮೂರು ಸ್ಟ್ರೈಕಾದರೆ ಔಟ್, ನಾಲ್ಕು ಬಾಲ್ ಆದರೆ ಬ್ಯಾಟರ್‌ಗೆ ಪುಕ್ಕಟೆಯಾಗಿ ಮೊದಲ ಬೇಸ್. ತೀರ್ಪು ಕೊಡುವ ಅಂಪೈರ್ ಕ್ಯಾಚರ್‌ನ ಭುಜದ ಮೇಲಿಂದ ನೋಡುತ್ತಿರುತ್ತಾನೆ. ಹೀಗಾಗಿ ಗೆರೆಯ ಮೇಲೆ ಬಂದ ಚೆಂಡನ್ನು ಕ್ಯಾಚರ್ ಹೇಗೆ ಹಿಡಿಯುತ್ತಾನೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಚೆಂಡಿನ ಹೊಡೆತಕ್ಕೆ ಅವನ ಮಿಟ್ (ಕೈಗವಸು) ಹೊರಕ್ಕೆ ಜಾರಿದರೆ ಸ್ಟ್ರೈಕೂ ಬಾಲ್‌ನಂತೆ ಕಾಣುತ್ತದೆ. ಮಣಿಕಟ್ಟನ್ನು ಗಟ್ಟಿಯಾಗಿಟ್ಟು, ಚೆಂಡನ್ನು ಮೃದುವಾಗಿ ಒಳಕ್ಕೆ ತಂದು ಒಂದು ಕ್ಷಣ ನಿಲ್ಲಿಸಿದರೆ ಅನುಮಾನದ ಚೆಂಡು ಸ್ಟ್ರೈಕ್ ಆಗುತ್ತದೆ. ಇದಕ್ಕೆ ‘ಫ್ರೇಮಿಂಗ್’ ಎನ್ನುತ್ತಾರೆ.

ನೂರು ವರ್ಷ ಇದು ಬಾಯಿಮಾತಿನ ವಿದ್ಯೆಯಾಗಿತ್ತು. 2000ದ ದಶಕದ ಕೊನೆಗೆ ಪ್ರತಿ ಚೆಂಡಿನ ಹಾದಿಯನ್ನೂ ಕ್ಯಾಮೆರಾಗಳು ದಾಖಲಿಸತೊಡಗಿದ ಮೇಲೆ ಲೆಕ್ಕ ಸಿಕ್ಕಿತು. ಬ್ಯಾಟಿಂಗ್ ಸಾಧಾರಣ, ಓಟ ಅದಕ್ಕಿಂತ ಸಾಧಾರಣ ಎನಿಸಿದ್ದ ಹೋಸೆ ಮೊಲೀನಾ ತಂಡಕ್ಕೆ ಎಷ್ಟು ಬೆಲೆಬಾಳುವ ಆಟಗಾರ ಎಂದು ಆಗ ಗೊತ್ತಾಯಿತು. ಪೋರ್ಟೊರಿಕೊದ ಈ ಮೊಲೀನಾ ಮನೆಯ ಮೂವರು ಅಣ್ಣತಮ್ಮಂದಿರು, ಬೆಂಜಿ, ಹೋಸೆ, ಯಾಡಿಯರ್, ಮೂವರೂ ಕ್ಯಾಚರ್‌ಗಳು. ಮೂವರೂ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದ ತಂಡಗಳಲ್ಲಿದ್ದವರು.

ಅಂಪೈರ್‌ನ ಕಣ್ಣಿಗೆ ಮಣ್ಣೆರಚುವ ಕೆಲಸವಲ್ಲವೇ ಇದು ಎಂದು ಕೇಳುವವರಿದ್ದಾರೆ. ಸ್ವಲ್ಪ ಮಟ್ಟಿಗೆ ಹೌದು. ಆದರೆ ಒಳ್ಳೆಯ ಕ್ಯಾಚರ್ ಹೆಚ್ಚಾಗಿ ಮಾಡುವುದು, ನ್ಯಾಯವಾಗಿ ಸ್ಟ್ರೈಕ್ ಆದದ್ದು ಕೈತಪ್ಪದಂತೆ ನೋಡಿಕೊಳ್ಳುವುದನ್ನು.

ಎರಡು ಸೆಕೆಂಡಿನ ಲೆಕ್ಕ

ಮೊದಲ ಬೇಸಿನಲ್ಲಿರುವ ಓಟಗಾರ, ಪಿಚರ್ ಚೆಂಡೆಸೆಯಲು ಶುರು ಮಾಡುತ್ತಿದ್ದಂತೆ ಎರಡನೆಯದಕ್ಕೆ ಓಡಿ ‘ಬೇಸ್ ಕದಿಯಬಹುದು’. ಅವನಿಗೆ ಸುಮಾರು ಮೂರೂಕಾಲರಿಂದ ಮೂರೂವರೆ ಸೆಕೆಂಡು ಬೇಕು. ಪಿಚರ್‌ನ ಎಸೆತ ಮಿಟ್ ತಲಪುವ ಹೊತ್ತಿಗೆ ಒಂದೂಕಾಲು ಸೆಕೆಂಡಿನಷ್ಟು ಕಳೆದಿರುತ್ತದೆ. ಉಳಿದದ್ದು ಎರಡು ಸೆಕೆಂಡು. ಅಷ್ಟರಲ್ಲಿ ಕ್ಯಾಚರ್ ಚೆಂಡು ಹಿಡಿದು, ಕೂತಲ್ಲಿಂದ ಎದ್ದು, ಮಿಟ್ಟಿನಿಂದ ಬಲಗೈಗೆ ದಾಟಿಸಿ, 127 ಅಡಿ ದೂರದ ಎರಡನೇ ಬೇಸಿಗೆ, ಅದೂ ಅಲ್ಲಿರುವ ಫೀಲ್ಡರ್‌ನ ಮೊಣಕಾಲ ಎತ್ತರಕ್ಕೆ, ಚೆಂಡು ಮುಟ್ಟಿಸಬೇಕು. ಈ ಅವಧಿಗೆ ‘ಪಾಪ್ ಟೈಮ್’ ಎಂದು ಹೆಸರು. ಮೇಜರ್ ಲೀಗ್‌ನಲ್ಲಿ ಸರಾಸರಿ ಎರಡು ಸೆಕೆಂಡು, 1.9ಕ್ಕಿಂತ ಕಡಿಮೆ ತಂದವನು ಅಪರೂಪದವನು. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಓಟಗಾರ ಔಟೋ ನಾಟೌಟೋ ತೀರ್ಮಾನವಾಗುವುದರಿಂದ, ತೋಳಿನ ಬಲಕ್ಕಿಂತ ಕಾಲಿನ ಚುರುಕು ದೊಡ್ಡದು ಎಂದು ಕೋಚ್‌ಗಳು ಹೇಳುತ್ತಾರೆ.

2023ರ ಹೊಸ ನಿಯಮಗಳು ಈ ಪೈಪೋಟಿಯಲ್ಲಿ ಓಟಗಾರನ ಕೈ ಮೇಲಾಗಿಸಿದವು. ಬೇಸ್‌ನ ಅಳತೆ 15 ಇಂಚಿನಿಂದ 18ಕ್ಕೆ ಏರಿತು, ಪಿಚರ್ ಓಟಗಾರನನ್ನು ತಡೆಯಲು ಪದೇಪದೇ ಬೇಸಿಗೆ ಎಸೆಯುವಂತಿಲ್ಲ ಎಂದಾಯಿತು. 2022ರಲ್ಲಿ 2,486 ಇದ್ದ ಕದ್ದ ಬೇಸ್‌ಗಳ ಸಂಖ್ಯೆ ಒಂದೇ ವರ್ಷದಲ್ಲಿ 3,503 ಆಯಿತು. ಕ್ಯಾಚರ್‌ಗಳ ತೋಳು ಒಂದು ವರ್ಷದಲ್ಲಿ ಸೋತುಹೋಯಿತೆಂದು ಯಾರೂ ಇದನ್ನು ಓದಬಾರದು.

ಮೈಮೇಲಿನ ಕವಚ

ಆರಂಭದ ಕ್ಯಾಚರ್‌ಗಳು ಬರಿಗೈಯಲ್ಲಿ, ಪ್ಲೇಟಿನಿಂದ ದೂರ ನಿಂತು, ಪುಟಿದು ಬಂದ ಚೆಂಡು ಹಿಡಿಯುತ್ತಿದ್ದರು. ಮುರಿದ ಬೆರಳು, ಉದುರಿದ ಹಲ್ಲು ಈ ಕಸುಬಿನ ಗುರುತಾಗಿತ್ತು. 1877ರ ಸುಮಾರಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಫ್ರೆಡ್ ಥೇಯರ್, ಕತ್ತಿವರಸೆಯವರ ಮುಖಜಾಲರಿ ನೋಡಿ ತನ್ನ ತಂಡದ ಕ್ಯಾಚರ್ ಜೇಮ್ಸ್ ಟಿಂಗ್‌ಗೆ ಕಂಬಿಯ ಮುಸುಕು ಮಾಡಿಸಿದ. ಮರುವರ್ಷ ಅದಕ್ಕೆ ಪೇಟೆಂಟ್ ಪಡೆದ. ಮುಸುಕು ಬಂದಮೇಲೆ ಕ್ಯಾಚರ್ ಮುಂದೆ ಸರಿದು ಬ್ಯಾಟರ್‌ನ ಬೆನ್ನಿಗೆ ಬಂದು ಕೂರುವುದು ಸಾಧ್ಯವಾಯಿತು. ಇವತ್ತಿನ ಬೇಸ್‌ಬಾಲ್‌ನ ರೂಪ ಒಂದು ಲೆಕ್ಕದಲ್ಲಿ ಆ ಕಂಬಿಗಳಿಂದ ಬಂದದ್ದು.

1907ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ರೋಜರ್ ಬ್ರೆಸ್ನಹನ್, ಕ್ರಿಕೆಟ್ ಪ್ಯಾಡ್‌ಗಳನ್ನು ಹೋಲುವ ಕಾಲುಗವಚ ಕಟ್ಟಿಕೊಂಡು ಅಂಗಳಕ್ಕೆ ಬಂದರು. ಪ್ರೇಕ್ಷಕರು ಗೇಲಿ ಮಾಡಿದರು. ಸ್ವಲ್ಪ ಕಾಲದಲ್ಲೇ ಎಲ್ಲರೂ ಕಟ್ಟಿದರು. ಗಂಟಲಿನ ಮುಂದೆ ಜೋತಾಡುವ ಪಟ್ಟಿಯ ಹಿಂದೆ ಒಂದು ಭೀಕರ ಕತೆಯಿದೆ. 1976ರಲ್ಲಿ ಲಾಸ್ ಏಂಜಲೀಸ್ ಡಾಜರ್ಸ್‌ನ ಸ್ಟೀವ್ ಯೇಗರ್ ತನ್ನ ಬ್ಯಾಟಿಂಗ್ ಸರದಿಗೆ ಕಾಯುತ್ತಿದ್ದಾಗ, ಸಹ ಆಟಗಾರನ ಬ್ಯಾಟ್ ಮುರಿದು ಅದರ ಚೂಪಾದ ಸೀಳು ಅವರ ಕುತ್ತಿಗೆಗೆ ನಾಟಿತು. ಬದುಕಿ ಬಂದ ಅವರಿಗಾಗಿ ತಂಡದ ಟ್ರೇನರ್ ಬಿಲ್ ಬ್ಯೂಲರ್ ಆ ಪಟ್ಟಿ ರೂಪಿಸಿದರು. ಐಸ್ ಹಾಕಿ ಗೋಲ್‌ಕೀಪರ್‌ಗಳ ಮಾದರಿಯ ಹೆಲ್ಮೆಟನ್ನು 1996ರಲ್ಲಿ ಮೊದಲು ತಂದವರು ಟೊರಾಂಟೊ ತಂಡದ ಚಾರ್ಲಿ ಒ’ಬ್ರೈನ್.

ಈ ಇಡೀ ಸರಂಜಾಮಿಗೆ ‘ಅಜ್ಞಾನದ ಸಲಕರಣೆ’ ಎಂದು ಅಡ್ಡಹೆಸರು. ಬುದ್ಧಿ ಇರುವವನು ಇದನ್ನು ತೊಡುವ ಕೆಲಸಕ್ಕೆ ಬರುವನೇ ಎಂಬ ತಮಾಷೆ. ಹಾಗೆ ಕರೆದವರು ಮಡ್ಡಿ ರೂಯೆಲ್ ಎಂಬ ಕ್ಯಾಚರ್ ಎಂದು ಪ್ರತೀತಿ, ಅವರು ಓದಿದ್ದು ಕಾನೂನು!

ಕೈತಪ್ಪಿದ ಚೆಂಡು

ಕ್ಯಾಚರ್ ಸರಿಯಾಗಿ ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಪಂದ್ಯದಲ್ಲಿ ಅವನು ನೂರಕ್ಕೂ ಹೆಚ್ಚು ಚೆಂಡು ಎದುರಿಸುತ್ತಾನೆ. ಜನ ನೆನಪಿಡುವುದು ಜಾರಿದ ಒಂದನ್ನು. 1941ರ ಅಕ್ಟೋಬರ್ 5ರಂದು ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯ. ಬ್ರೂಕ್ಲಿನ್ ಡಾಜರ್ಸ್ 4-3ರಿಂದ ಮುಂದಿತ್ತು. ಒಂಬತ್ತನೇ ಇನಿಂಗ್ಸ್, ಎದುರಾಳಿ ನ್ಯೂಯಾರ್ಕ್ ಯಾಂಕೀಸ್‌ನ ಇಬ್ಬರು ಔಟ್, ಮೂರನೆಯವನಾದ ಟಾಮಿ ಹೆನ್ರಿಕ್ ಮೂರನೇ ಸ್ಟ್ರೈಕಿಗೆ ಬ್ಯಾಟ್ ಬೀಸಿ ತಪ್ಪಿದ. ಪಂದ್ಯ ಮುಗಿಯಬೇಕಿತ್ತು. ಆದರೆ ಮೂರನೇ ಸ್ಟ್ರೈಕಿನ ಚೆಂಡನ್ನು ಕ್ಯಾಚರ್ ಹಿಡಿಯದೆ ಹೋದರೆ, ಇಬ್ಬರು ಔಟಾಗಿರುವಾಗ, ಬ್ಯಾಟರ್ ಮೊದಲ ಬೇಸಿಗೆ ಓಡಬಹುದು ಎಂಬುದು ನಿಯಮ. ಮಿಕ್ಕಿ ಓವನ್‌ರ ಮಿಟ್ ದಾಟಿ ಚೆಂಡು ಹಿಂದಕ್ಕೆ ಹೋಯಿತು, ಹೆನ್ರಿಕ್ ಓಡಿದ. ಯಾಂಕೀಸ್ ಆ ಇನಿಂಗ್ಸ್‌ನಲ್ಲೇ ನಾಲ್ಕು ರನ್ ಹೊಡೆದು 7-4ರಿಂದ ಗೆದ್ದಿತು, ಮರುದಿನ ಸರಣಿಯನ್ನೂ ಮುಗಿಸಿತು. ಓವನ್ ಆ ಕಾಲದ ಒಳ್ಳೆಯ ಕ್ಯಾಚರ್‌ಗಳಲ್ಲಿ ಒಬ್ಬರು. ಅದನ್ನು ಈಗ ಹೇಳಿ ತಿಳಿಸಬೇಕಾಗಿದೆ.

ಹೆಸರುಳಿಸಿಕೊಂಡವರು

ಜಾಶ್ ಗಿಬ್ಸನ್‌ರಿಂದ ಆರಂಭಿಸುವುದು ನ್ಯಾಯ. ವರ್ಣಭೇದದಿಂದಾಗಿ ಅವರು ನೀಗ್ರೊ ಲೀಗ್‌ಗಳಲ್ಲೇ ಆಡಿ, 1947ರ ಜನವರಿಯಲ್ಲಿ 35ನೇ ವಯಸ್ಸಿಗೆ ತೀರಿಕೊಂಡರು. ಕಪ್ಪುವರ್ಣೀಯರಿಗೆ ಮುಚ್ಚಿದ್ದ ಬಾಗಿಲು ತೆರೆಸಿದ ಜಾಕಿ ರಾಬಿನ್ಸನ್ ಮೇಜರ್ ಲೀಗ್‌ಗೆ ಕಾಲಿಟ್ಟದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. 2024ರಲ್ಲಿ ನೀಗ್ರೊ ಲೀಗ್‌ಗಳ ಅಂಕಿಅಂಶಗಳನ್ನು ಮೇಜರ್ ಲೀಗ್ ತನ್ನ ದಾಖಲೆಗೆ ಸೇರಿಸಿಕೊಂಡಿತು. ಆಗ ಗಿಬ್ಸನ್‌ರ .372 ಬ್ಯಾಟಿಂಗ್ ಸರಾಸರಿ, ಟೈ ಕಾಬ್‌ರ .367 ಅನ್ನು ಹಿಂದಿಕ್ಕಿ ಸಾರ್ವಕಾಲಿಕ ಮೊದಲ ಸ್ಥಾನಕ್ಕೆ ಬಂತು. ರಾಬಿನ್ಸನ್‌ರ ಬೆನ್ನಿಗೆ ಬ್ರೂಕ್ಲಿನ್‌ಗೆ ಬಂದ ಕ್ಯಾಚರ್ ರಾಯ್ ಕ್ಯಾಂಪನೆಲಾ ಮೂರು ಬಾರಿ ಲೀಗಿನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡರು. 1958ರ ಕಾರು ಅಪಘಾತ ಅವರನ್ನು ಗಾಲಿಕುರ್ಚಿಗೆ ಸೀಮಿತಗೊಳಿಸಿತು.

ಯಾಂಕೀಸ್‌ನ ಲಾರೆನ್ಸ್ ಪೀಟರ್ ಬೆರಾರನ್ನು ಜಗತ್ತು ‘ಯೋಗಿ’ ಎಂದೇ ಬಲ್ಲದು. ಭಾರತದ ಬಗೆಗಿನ ಚಿತ್ರವೊಂದರಲ್ಲಿ ಕಾಲು ಮಡಚಿ ಕೂತ ಯೋಗಿಯನ್ನು ಕಂಡು, ನೀನೂ ಹಾಗೇ ಕೂರುತ್ತೀಯ ಎಂದು ಎಳೆಯ ವಯಸ್ಸಿನ ಗೆಳೆಯನೊಬ್ಬ ಇಟ್ಟ ಹೆಸರಂತೆ. ಆಟಗಾರನಾಗಿ ಹತ್ತು ವರ್ಲ್ಡ್ ಸೀರೀಸ್ ಗೆದ್ದವರು ಅವರೊಬ್ಬರೇ. 1956ರ ಅಕ್ಟೋಬರ್ 8ರಂದು ಯಾಂಕೀಸ್ ಪಿಚರ್ ಡಾನ್ ಲಾರ್ಸನ್ ಒಬ್ಬನನ್ನೂ ಬೇಸಿಗೆ ಬಿಡದೆ 27 ಜನರನ್ನು ಔಟ್ ಮಾಡಿದಾಗ ಚೆಂಡುಗಳನ್ನು ಸೂಚಿಸಿದ್ದು ಬೆರಾ. ವರ್ಲ್ಡ್ ಸೀರೀಸ್ ಇತಿಹಾಸದಲ್ಲಿ ಅಂಥ ಪಂದ್ಯ ಅದೊಂದೇ.

ಸಿನ್ಸಿನಾಟಿಯ ಜಾನಿ ಬೆಂಚ್ ಬಲಗೈಯನ್ನು ಹಿಂದೆ ಬಚ್ಚಿಟ್ಟು ಒಂಟಿ ಕೈಯಲ್ಲಿ ಹಿಡಿಯುವ ಪದ್ಧತಿಯನ್ನು ಎಲ್ಲರಿಗೂ ಕಲಿಸಿದರು. ಇವಾನ್ ರಾಡ್ರಿಗಸ್ ಕ್ಯಾಚರ್ ಆಗಿ 2,427 ಪಂದ್ಯ ಆಡಿದ್ದಾರೆ. ಮಂಡಿ ಎಂಬುದೊಂದು ಇರುವವರಿಗೆಲ್ಲ ಈ ಅಂಕಿ ಸುಸ್ತು ತರಿಸೀತು. ಜಪಾನಿನ ಕತ್ಸುಯಾ ನೊಮುರಾ 657 ಹೋಮ್‌ರನ್ ಹೊಡೆದು, ಆಮೇಲೆ ಮ್ಯಾನೇಜರ್ ಆಗಿಯೂ ಗೆದ್ದರು. ಮೋ ಬರ್ಗ್‌ರದು ಬೇರೆಯೇ ಕತೆ. ಪ್ರಿನ್ಸ್‌ಟನ್‌ನಲ್ಲಿ ಓದಿ ಹಲವು ಭಾಷೆ ಬಲ್ಲ ಈ ಸಾಧಾರಣ ಬ್ಯಾಟರ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಗೂಢಚಾರರಾದರು. ಜರ್ಮನಿ ಅಣುಬಾಂಬಿಗೆ ಎಷ್ಟು ಹತ್ತಿರವಿದೆ ಎಂದು ತಿಳಿಯಲು, 1944ರ ಡಿಸೆಂಬರ್‌ನಲ್ಲಿ ಜ್ಯೂರಿಕ್‌ನಲ್ಲಿ ಜರ್ಮನ್ ಭೌತವಿಜ್ಞಾನಿ ಹೈಸೆನ್‌ಬರ್ಗ್ ಉಪನ್ಯಾಸ ಕೊಟ್ಟಾಗ ಜೇಬಿನಲ್ಲಿ ಪಿಸ್ತೂಲಿಟ್ಟುಕೊಂಡು ಕೇಳುತ್ತ ಕೂತಿದ್ದರು.

ನಿವೃತ್ತರಾದ ಕ್ಯಾಚರ್‌ಗಳು ಮ್ಯಾನೇಜರ್ ಆಗುವುದು ಹೆಚ್ಚು. ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡವನ್ನು ಐವತ್ತು ವರ್ಷ ನಡೆಸಿದ ಕೊನೀ ಮ್ಯಾಕ್, ನಾಲ್ಕು ಬಾರಿ ವರ್ಲ್ಡ್ ಸೀರೀಸ್ ಗೆಲ್ಲಿಸಿದ ಬ್ರೂಸ್ ಬೋಚಿ ಇಬ್ಬರೂ ಪ್ಲೇಟಿನ ಹಿಂದೆ ಕೂತು ಬಂದವರು. ಆಟವಾಡುವಾಗಲೇ ಅರ್ಧ ಮ್ಯಾನೇಜರ್ ಕೆಲಸ ಮಾಡಿದವರಿಗೆ ಇದೇನು ಅಚ್ಚರಿಯಲ್ಲ.

ಬದಲಾಗುತ್ತಿರುವ ನಿಯಮ

2011ರ ಮೇ 25ರಂದು ಸ್ಯಾನ್‌ಫ್ರಾನ್ಸಿಸ್ಕೊದ ಬಸ್ಟರ್ ಪೋಸಿಗೆ ಹೋಮ್ ಪ್ಲೇಟಿನಲ್ಲಿ ಓಟಗಾರ ಡಿಕ್ಕಿ ಹೊಡೆದು ಕಾಲಿನ ಮೂಳೆ ಮುರಿಯಿತು. ಚೆಂಡು ಕೈಯಲ್ಲಿಲ್ಲದೆ ಕ್ಯಾಚರ್ ದಾರಿ ಅಡ್ಡಗಟ್ಟಬಾರದು, ಓಟಗಾರ ಬೇಕೆಂದೇ ದಾರಿ ಬಿಟ್ಟು ಅವನಿಗೆ ಗುದ್ದಬಾರದು ಎಂಬ ನಿಯಮ 2014ರಲ್ಲಿ ಬಂತು. ತಡವಾಗಿ ಬಂದದ್ದು ಎಂದೇ ಹೇಳಬೇಕು.

ಬ್ಯಾಟಿಂಗ್‌ನಲ್ಲಿ ಕ್ಯಾಚರ್ ಹಿಂದೆ ಎಂಬ ಮಾತನ್ನು 2025ರಲ್ಲಿ ಸಿಯಾಟಲ್‌ನ ಕ್ಯಾಲ್ ರಾಲಿ ಸುಳ್ಳು ಮಾಡಿದರು. ಮುಖ್ಯವಾಗಿ ಕ್ಯಾಚರ್ ಆಗಿ ಆಡುವವರಲ್ಲಿ ಅತಿ ಹೆಚ್ಚು ಎನಿಸಿದ್ದ 48 ಹೋಮ್‌ರನ್‌ಗಳ ದಾಖಲೆಯನ್ನು ಮುರಿದು 60ಕ್ಕೆ ಮುಟ್ಟಿಸಿದರು.

2026ರ ಋತುವಿಗೆ ಮೇಜರ್ ಲೀಗ್ ಒಪ್ಪಿದ ಹೊಸ ವ್ಯವಸ್ಥೆಯಲ್ಲಿ ಅಂಪೈರ್‌ನ ಬಾಲ್-ಸ್ಟ್ರೈಕ್ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸಬಹುದು. ತಂಡಕ್ಕೆ ಎರಡು ಅವಕಾಶ, ಗೆದ್ದರೆ ಆ ಅವಕಾಶ ಉಳಿಯುತ್ತದೆ. ಇದರಿಂದ ಫ್ರೇಮಿಂಗ್‌ನ ಬೆಲೆ ಸ್ವಲ್ಪ ಇಳಿಯಬಹುದು. ಆದರೆ ಯಾವ ಚೆಂಡನ್ನು ಪ್ರಶ್ನಿಸಬೇಕು, ಯಾವುದನ್ನು ಬಿಡಬೇಕು ಎಂಬ ಹೊಸ ಲೆಕ್ಕ ಕ್ಯಾಚರ್‌ನ ತಲೆಗೆ ಬಂದಿದೆ. ಪ್ರಶ್ನಿಸುವ ಹಕ್ಕಿರುವುದು ಮೂವರಿಗೆ: ಬ್ಯಾಟರ್, ಪಿಚರ್, ಕ್ಯಾಚರ್. ಬೆಂಚಿನಲ್ಲಿ ಕೂತ ಮ್ಯಾನೇಜರ್‌ಗೆ ಅದಿಲ್ಲ.